ತಪ್ಪು ಕಾಣಿಕೆ ಯಾರಿಗೆ?

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ಇತ್ತು. ಅದರ ತುಂಬ ಚಿಲ್ಲರೆ. ಹರಕೆ ಮರೆತರೆ, ಶನಿವಾರ ಗೊತ್ತಿಲ್ಲದೆ ಮೊಟ್ಟೆ ತಿಂದರೆ, ಪೂಜೆಯ ಹೂವನ್ನು ಕಾಲಲ್ಲಿ ತುಳಿದರೆ ಅಮ್ಮ ಅದಕ್ಕೊಂದು ನಾಣ್ಯ ಹಾಕಿಸುತ್ತಿದ್ದಳು. ತಪ್ಪು ಕಾಣಿಕೆ. ವರ್ಷಕ್ಕೊಮ್ಮೆ ಅದೆಲ್ಲ ತಿಮ್ಮಪ್ಪನ ಹುಂಡಿಗೆ. ನಾಣ್ಯ ಬಿದ್ದ ಸದ್ದಾದರೆ ಸಾಕು, ಮನಸ್ಸು ಹಗುರ. ನಾನು ತಮ್ಮನಿಗೆ ಹೊಡೆದಾಗಲೂ ನಾಣ್ಯ ಹೋಗುತ್ತಿದ್ದದ್ದು ತಿಮ್ಮಪ್ಪನಿಗೇ, ತಮ್ಮನಿಗಲ್ಲ. ಆಗ ಇದು ವಿಚಿತ್ರ ಅನ್ನಿಸಿರಲಿಲ್ಲ.

ಮೂವತ್ತು ದಾಟುವ ಹೊತ್ತಿಗೆ ನನ್ನ ನಂಬಿಕೆ ಹೊರಟುಹೋಯಿತು. ಜಗಳ ಆಡಿ ಬಿಟ್ಟದ್ದಲ್ಲ. ಬಿಟ್ಟುಬಂದ ಊರಿನ ಬಸ್ಸಿನ ಟೈಮು ಮರೆತುಹೋಗುತ್ತದಲ್ಲ, ಹಾಗೆ. ಅಮ್ಮನಿಗೆ ಹೇಳಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು: "ಹಾಗಾದ್ರೆ ಇನ್ಮೇಲೆ ನಿನಗೆ ಯಾರ ಭಯನೋ?"

ಇದು ಅಮ್ಮ ಒಬ್ಬಳ ಪ್ರಶ್ನೆ ಅಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ 34 ದೇಶಗಳ ಜನರನ್ನು ಕೇಳಿತ್ತು: ಒಳ್ಳೆಯ ನಡತೆಗೆ ದೇವರ ನಂಬಿಕೆ ಬೇಕೇ ಬೇಕಾ? ಭಾರತದಲ್ಲಿ ನೂರಕ್ಕೆ 79 ಜನ ಬೇಕು ಅಂದರು. ಸ್ವೀಡನ್ನಿನಲ್ಲಿ ಹಾಗೆ ಅಂದವರು ನೂರಕ್ಕೆ 9. ಹಾಗಂತ ಸ್ವೀಡನ್ನಿನವರು ಒಬ್ಬರನ್ನೊಬ್ಬರು ದೋಚಿಕೊಂಡು ಕೂತಿಲ್ಲ. ನಮ್ಮಲ್ಲಿ ದೇವಸ್ಥಾನದ ಬಾಗಿಲಲ್ಲೇ ಚಪ್ಪಲಿ ಕಳವಾಗುತ್ತದೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆ ದೇಶಕ್ಕೆ ಹಣ, ಶಾಲೆ, ಕೋರ್ಟು ಎಲ್ಲ ಇದೆ. ಆದರೆ ಭಯ ಮತ್ತು ಒಳ್ಳೆಯತನ ಜೊತೆಯಲ್ಲೇ ಓಡಾಡಬೇಕು ಅಂತೇನಿಲ್ಲ ಅನ್ನುವಷ್ಟು ಗೊತ್ತಾಗುತ್ತದೆ.

ಈ ವಿಷಯದ ಬುಡಕ್ಕೆ ಕೈ ಹಾಕಿದ ಹಳೆಯ ಪ್ರಶ್ನೆ ಒಂದಿದೆ. ಸುಮಾರು 2,400 ವರ್ಷದ ಹಿಂದಿನದು. ಅಥೆನ್ಸಿನ ಕಚೇರಿಯ ಹೊರಗೆ ಸಾಕ್ರಟಿಸನಿಗೆ ಯೂಥಿಫ್ರೊ ಅನ್ನುವವನು ಸಿಗುತ್ತಾನೆ. ಸ್ವಂತ ತಂದೆಯ ಮೇಲೇ ಕೊಲೆ ಮೊಕದ್ದಮೆ ಹಾಕಲು ಬಂದಿದ್ದಾನೆ. ಅವರ ಕೂಲಿಯಾಳೊಬ್ಬ ಕುಡಿದ ಅಮಲಿನಲ್ಲಿ ಒಬ್ಬ ಗುಲಾಮನನ್ನು ಕೊಂದಿದ್ದ. ತಂದೆ ಅವನ ಕೈಕಾಲು ಕಟ್ಟಿ ಹಳ್ಳಕ್ಕೆ ತಳ್ಳಿ, ಮುಂದೇನು ಮಾಡಬೇಕು ಅಂತ ಧರ್ಮ ಹೇಳುವವರನ್ನು ಕೇಳಲು ಆಳು ಕಳಿಸಿದ. ಉತ್ತರ ಬರುವ ಮೊದಲೇ ಕೂಲಿಯವನು ಚಳಿಗೆ, ಹಸಿವಿಗೆ ಸತ್ತ. ನಾನು ಮಾಡುತ್ತಿರುವುದು ದೇವರು ಮೆಚ್ಚುವ ಕೆಲಸ ಅನ್ನುತ್ತಾನೆ ಯೂಥಿಫ್ರೊ, ಭಾರೀ ಖಚಿತವಾಗಿ. ಆಗ ಸಾಕ್ರಟಿಸ್ ಕೇಳುವುದು ಇಷ್ಟು: ದೇವರು ಮೆಚ್ಚುವುದರಿಂದ ಒಂದು ಕೆಲಸ ಒಳ್ಳೆಯದಾಗುತ್ತದೋ, ಅದು ಒಳ್ಳೆಯದು ಅಂತಲೇ ದೇವರು ಮೆಚ್ಚುತ್ತಾನೋ?

ಮೊದಲನೆಯದು ಸರಿ ಅಂದರೆ, ನಾಳೆ ದೇವರಿಗೆ ಕಳ್ಳತನ ಇಷ್ಟವಾದರೆ ಕಳ್ಳತನವೂ ಒಳ್ಳೆಯದೇ. "ಛೇ, ದೇವರು ಹಾಗೆ ಹೇಳೋದೇ ಇಲ್ಲ" ಅನ್ನುತ್ತೀರಿ. ಅಷ್ಟು ಧೈರ್ಯವಾಗಿ ಹೇಗೆ ಹೇಳಿದಿರಿ? ಕಳ್ಳತನ ಕೆಟ್ಟದ್ದು ಅಂತ ನಿಮಗೆ ಮೊದಲೇ ಗೊತ್ತಿದೆ, ಅದಕ್ಕೆ. ಎರಡನೆಯದು ಸರಿ ಅಂದರೆ, ಒಳ್ಳೆಯದು ದೇವರ ಮೆಚ್ಚುಗೆಗೆ ಕಾಯದೆ ತಾನಾಗಿ ನಿಂತಿದೆ. ದೇವರ ಸ್ವಭಾವವೇ ಒಳ್ಳೆಯತನ, ಆದ್ದರಿಂದ ಪ್ರಶ್ನೆಯೇ ತಪ್ಪು ಅಂತ ಆಸ್ತಿಕ ಪಂಡಿತರು ಮೂರನೆಯ ದಾರಿ ತೋರಿಸುತ್ತಾರೆ. ಅದು ದಡ್ಡ ಉತ್ತರವೇನಲ್ಲ. ಆದರೆ ಆ ಸ್ವಭಾವ ಒಳ್ಳೆಯದು ಅಂತ ಗುರುತಿಸಲಿಕ್ಕೂ ಕೈಯಲ್ಲಿ ಒಂದು ತಕ್ಕಡಿ ಇರಬೇಕಲ್ವಾ?

ಇದನ್ನು ಒಪ್ಪಲು ಗ್ರೀಸಿಗೆ ಹೋಗಬೇಕಾಗಿಲ್ಲ. ನಮ್ಮಜ್ಜಿ ಗದ್ದೆ ಕೆಲಸದವರಿಗೆ ಹಿತ್ತಲಲ್ಲಿ ತೆಂಗಿನ ಕರಟದಲ್ಲಿ ಕಾಫಿ ಹುಯ್ಯುತ್ತಿದ್ದಳು, ಎತ್ತರದಿಂದ, ತಾಕದ ಹಾಗೆ. ಅಮ್ಮ ಸೊಸೆಯಾಗಿ ಬಂದ ಕೆಲವು ವರ್ಷಕ್ಕೆ ಅದು ನಿಂತುಹೋಯಿತು, ಎಲ್ಲರಿಗೂ ಸ್ಟೀಲ್ ಲೋಟ ಬಂತು. ದೇವರು ಅದೇ, ಪೂಜೆ ಅದೇ, ಪುರೋಹಿತರೂ ಅವರೇ. ಹಾಗಾದರೆ ಕರಟ ತಪ್ಪು ಅಂತ ಅಮ್ಮನಿಗೆ ಹೇಳಿದ್ದು ಯಾರು? ಒಮ್ಮೆ ಕೇಳಿದ್ದಕ್ಕೆ ಅವಳು, "ಆ ಹೆಂಗಸು ತಲೆ ತಗ್ಗಿಸಿ ಕುಡೀತಿದ್ಲು ಕಣೋ, ನೋಡಕ್ಕಾಗ್ತಿರಲಿಲ್ಲ" ಅಂದಳು. ಇಷ್ಟೇ. ದೇವರನ್ನು ಬಿಟ್ಟ ನಾನು ಹುಡುಕುತ್ತಿದ್ದ ತಕ್ಕಡಿ ದೇವರನ್ನು ನಂಬಿದ ಅಮ್ಮನ ಕೈಯಲ್ಲೇ ಇತ್ತು.

ಅದು ಎಲ್ಲಿಂದ ಬಂತು? ವಿಜ್ಞಾನಿಗಳು ಕೆಲವು ಸುಳಿವು ಕೊಡುತ್ತಾರೆ. 2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಕಪುಚಿನ್ ಕೋತಿಗಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಒಂದೇ ಕೆಲಸಕ್ಕೆ ಒಂದು ಕೋತಿಗೆ ಸೌತೆಕಾಯಿ, ಪಕ್ಕದ್ದಕ್ಕೆ ದ್ರಾಕ್ಷಿ. ಅಲ್ಲಿಯವರೆಗೆ ಸೌತೆಕಾಯಿಯನ್ನು ಖುಷಿಯಾಗಿ ತಿನ್ನುತ್ತಿದ್ದ ಕೋತಿಗಳು ಈಗ ಬೇಡ ಅಂದವು, ಕೆಲವು ಎಸೆದೂಬಿಟ್ಟವು. ಆದರೆ ಗಮನಿಸಿ, ಅವು ಸಿಟ್ಟಾದದ್ದು ತಮಗೆ ಅನ್ಯಾಯವಾದಾಗ. ಪಕ್ಕದವರಿಗೆ ಆದ ಅನ್ಯಾಯಕ್ಕೆ ದ್ರಾಕ್ಷಿ ಬಿಡುವುದು ಬೇರೆ ಮಾತು.

ಕೂಸುಗಳ ಪ್ರಯೋಗವೂ ಒಂದಿತ್ತು. ಗುಡ್ಡ ಹತ್ತುವ ಗೊಂಬೆಗೆ ಒಂದು ಗೊಂಬೆ ನೆರವಾಗುತ್ತದೆ, ಇನ್ನೊಂದು ಕೆಳಗೆ ತಳ್ಳುತ್ತದೆ. ಆರು ಮತ್ತು ಹತ್ತು ತಿಂಗಳ ಕೂಸುಗಳು ನೆರವಾದ ಗೊಂಬೆಯತ್ತ ಕೈ ಚಾಚಿದವು ಅಂತ 2007ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಬರೆದರು. ನಾನು ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೆನೋ! ಆಮೇಲೆ 37 ಪ್ರಯೋಗಾಲಯಗಳು ಸೇರಿ ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ಇದನ್ನೇ ಮಾಡಿ ನೋಡಿದರೆ, ಅರ್ಧ ಆ ಕಡೆ, ಅರ್ಧ ಈ ಕಡೆ. ನಾಣ್ಯ ಚಿಮ್ಮಿದ ಹಾಗೆ. ಹೇಳಿದವರಿಗೆಲ್ಲ ವಾಪಸ್ ಫೋನ್ ಮಾಡಿ ಹೇಳಬೇಕಾಯಿತು.

ಹುಟ್ಟಿನಿಂದ ಬಂದದ್ದು ಎಷ್ಟೇ ಇರಲಿ, ಅದಕ್ಕೊಂದು ದೊಡ್ಡ ಕೊರತೆ ಇದೆ. ಅದು ನಮ್ಮವರನ್ನು ಕಂಡರೆ ಬೇಗ ಕರಗುತ್ತದೆ, ಬೇರೆಯವರನ್ನು ಕಂಡರೆ ನಿಧಾನ. ಇನ್ನೊಂದು, ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ತಾನಾಗಿ ಹುಟ್ಟುವುದಿಲ್ಲ. 18ನೇ ಶತಮಾನದಲ್ಲೇ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಇದನ್ನು ಎತ್ತಿ ತೋರಿಸಿದ್ದ. ಕೋತಿ ಏನು ಮಾಡುತ್ತದೆ ಅಂತ ತಿಳಿದರೆ ನಾನೇನು ಮಾಡಬೇಕು ಅಂತ ತಿಳಿಯುವುದಿಲ್ಲ. ಕರುಣೆ ಹಸಿ ಮಣ್ಣು. ಮಡಕೆ ಮಾಡುವ ಕೆಲಸ ನಮ್ಮದೇ.

ಆ ಕೆಲಸಕ್ಕೆ ತತ್ತ್ವಶಾಸ್ತ್ರ ಮುಖ್ಯವಾಗಿ ಮೂರು ಸಲಕರಣೆ ಕೊಟ್ಟಿದೆ. ಪುಸ್ತಕಗಳಲ್ಲಿ ಇವನ್ನು ವಿವರಿಸಲು, ರೈಲು ಬರುತ್ತಿದೆ, ಹಳಿಯ ಮೇಲೆ ಐದು ಜನ, ಹಳಿ ತಿರುಗಿಸಿದರೆ ಐವರು ಉಳಿದು ಬೇರೊಬ್ಬ ಸಾಯುತ್ತಾನೆ, ತಿರುಗಿಸುತ್ತೀಯಾ ಅಂತ ಏನೇನೋ ಕೇಳುತ್ತಾರೆ. ನನ್ನ ಜೀವನದಲ್ಲಿ ಇದುವರೆಗೆ ಯಾವ ರೈಲಿನ ಹಳಿಯನ್ನೂ ತಿರುಗಿಸುವ ಪ್ರಸಂಗ ಬಂದಿಲ್ಲ. ಬಂದದ್ದು ಒಂದು ಫೋನ್ ಕಾಲ್.

"ಸಾರ್, ನಮ್ಮ ಹುಡುಗಿಗೆ ಒಂದು ಸಂಬಂಧ ಬಂದಿದೆ. ಹುಡುಗ ಮೊದಲು ನಿಮ್ಮ ಆಫೀಸಿನಲ್ಲೇ ಇದ್ದನಂತೆ. ಹೇಗೆ ಸಾರ್ ಹುಡುಗ?" ಹುಡುಗಿಯ ತಂದೆ. ನಮಗೆ ದೂರದ ನೆಂಟರು. ಹುಡುಗ ನನ್ನ ಪಕ್ಕದ ಟೇಬಲ್ಲಿನವನು. ಮಾತು ಚಂದ, ಕೆಲಸ ಚುರುಕು. ಸಂಜೆಯಾದರೆ ವಿಪರೀತ ಕುಡಿತ, ಆಫೀಸಿನ ತುಂಬ ಕೈಸಾಲ. ನನ್ನ ಹತ್ತಿರವೂ ತೆಗೆದುಕೊಂಡಿದ್ದ. ನಾನು ಹೇಳಿದ್ದು: "ಒಳ್ಳೆ ಹುಡುಗ. ಸ್ವಲ್ಪ ಫ್ರೆಂಡ್ಸು ಜಾಸ್ತಿ." ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುವ ನಾಡಿನಲ್ಲಿ ನನ್ನದು ಸುಳ್ಳೂ ಆಗಿರಲಿಲ್ಲ.

ಮೊದಲ ಸಲಕರಣೆ ಲೆಕ್ಕ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ವಾದದ ಸಾರ ಅದು: ಒಂದು ಕೆಲಸದಿಂದ ಯಾರಿಗೆ ಎಷ್ಟು ಸುಖ, ಎಷ್ಟು ನೋವು ಅಂತ ಕೂಡಿ ಕಳೆದು ನೋಡು, ಎಲ್ಲರ ನೋವಿಗೂ ಒಂದೇ ತೂಕ ಕೊಡು. ನನ್ನ ಫೋನಿಗೆ ಇದನ್ನು ಹಚ್ಚಿದರೆ, ನನಗೆ ಎರಡು ನಿಮಿಷದ ಮುಜುಗರ, ಆ ಹುಡುಗಿಗೆ ಜೀವನಪೂರ್ತಿ ಕಷ್ಟ. ಉತ್ತರ ಸುಲಭ. ಆದರೆ ಈ ಲೆಕ್ಕವನ್ನು ಬೇಕಾದ ಹಾಗೆ ಬರೆಯಬಹುದು. "ಮದುವೆ ಆದ್ಮೇಲೆ ಸರಿಹೋಗ್ತಾನೆ" ಅನ್ನುವುದು ಏನು? ಅದೂ ಪರಿಣಾಮದ ಲೆಕ್ಕವೇ. ಮುಂದೆ ಆಗುವುದನ್ನು ನಮಗೆ ಹಿತವಾಗುವ ಹಾಗೆ ಊಹಿಸಿಕೊಳ್ಳುವುದು. ನಾನೂ ಅವತ್ತು ಹಾಗೇ ಊಹಿಸಿಕೊಂಡೆ.

ಎರಡನೆಯದು ಜರ್ಮನಿಯ ಕಾಂಟ್ ಹೇಳಿದ್ದು, 1785ರಲ್ಲಿ. ನೀನು ಮಾಡುವುದನ್ನು ಎಲ್ಲರೂ ಮಾಡಲಿ ಅಂತ ನೀನು ಬಯಸಬಲ್ಲೆಯಾ? ಇಂಥ ಫೋನು ಬಂದಾಗ ಊರಿನವರೆಲ್ಲ "ಒಳ್ಳೆ ಹುಡುಗ" ಅಂದರೆ ಆಮೇಲೆ ಯಾರೂ ಯಾರನ್ನೂ ಕೇಳುವುದೇ ಇಲ್ಲ. ಬೇರೆಯವರು ನಿಜ ಹೇಳುತ್ತಾರೆ ಎಂಬ ನಂಬಿಕೆ ಇರುವುದರಿಂದಲೇ ನನ್ನ ಅರ್ಧಸುಳ್ಳಿಗೆ ಬೆಲೆ. ಕಾಂಟ್ ಇನ್ನೊಂದು ರೀತಿಯಲ್ಲೂ ಹೇಳುತ್ತಾನೆ, ನನಗೆ ಅದೇ ಜಾಸ್ತಿ ನಾಟಿದ್ದು: ಯಾರನ್ನೂ ಬರೀ ಸಾಧನದ ಹಾಗೆ ಬಳಸಿಕೊಳ್ಳಬೇಡ. ಒಪ್ಪುವುದೋ ಬಿಡುವುದೋ ಅಂತ ತೀರ್ಮಾನಿಸುವುದು ಆ ಹುಡುಗಿಯ ಹಕ್ಕು. ವಿಷಯ ಮುಚ್ಚಿಟ್ಟು ಆ ಹಕ್ಕನ್ನು ನಾನು ಕಿತ್ತುಕೊಂಡೆ, ನನ್ನ ಒಳ್ಳೆಯ ಹೆಸರು ಉಳಿಸಿಕೊಳ್ಳಲು. ಆದರೆ ಕಾಂಟ್‌ಗೂ ಹಟ ಜಾಸ್ತಿ. ಮನೆಯಲ್ಲಿ ಅಡಗಿರುವ ಗೆಳೆಯನನ್ನು ಕೊಲ್ಲಲು ಬಂದವನಿಗೂ ಸುಳ್ಳು ಹೇಳಬಾರದು ಅಂದ ಮನುಷ್ಯ ಅವನು.

ಮೂರನೆಯದು ಗ್ರೀಸಿನ ಅರಿಸ್ಟಾಟಲನದು. ಅವನು ಕೆಲಸಕ್ಕಿಂತ ಕೆಲಸ ಮಾಡುವವನನ್ನು ನೋಡುತ್ತಾನೆ. ಮೃದಂಗ ನುಡಿಸಿ ನುಡಿಸಿ ಮೃದಂಗ ಬರುವ ಹಾಗೆ, ನ್ಯಾಯವಾಗಿ ನಡೆದು ನಡೆದು ಮನುಷ್ಯ ನ್ಯಾಯವಂತನಾಗುತ್ತಾನೆ (ಅವನು ಹೇಳಿದ್ದು ಅಲ್ಲಿಯ ತಂತಿವಾದ್ಯದ ಬಗ್ಗೆ, ಇರಲಿ). ಈ ಕನ್ನಡಿಯಲ್ಲಿ ನೋಡಿದರೆ ನನ್ನ ತಪ್ಪು ಆ ಫೋನಿನಲ್ಲಿ ಶುರುವಾದದ್ದೇ ಅಲ್ಲ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹಿತವಾದದ್ದನ್ನೇ ಹೇಳಿ ಒಳ್ಳೆಯವನು ಅನ್ನಿಸಿಕೊಂಡಿದ್ದೆ. ಅವತ್ತು ಬಾಯಿ ಅಭ್ಯಾಸದ ಪ್ರಕಾರ ನಡೆಯಿತು.

ಈ ಮೂರರಲ್ಲಿ ಯಾವುದು ಸರಿ ಅಂತ ಜಗಳ ಇನ್ನೂ ಮುಗಿದಿಲ್ಲ. ನನ್ನ ಅನುಭವದಲ್ಲಿ ಒಂದನ್ನೇ ಹಿಡಿದವರು ಹಾದಿ ತಪ್ಪುತ್ತಾರೆ. ಲೆಕ್ಕ ಜಾರಿದಾಗ ಕಾಂಟ್ ಹಿಡಿಯುತ್ತಾನೆ, ಕಾಂಟ್ ಹಟ ಹಿಡಿದಾಗ ನೋವಿನ ಲೆಕ್ಕ ಕೈಕೊಡುವುದಿಲ್ಲ. ಆದರೆ ಮೂರೂ ಒಂದು ಕಡೆ ಬೆರಳು ತೋರಿಸುತ್ತವೆ: ನೋಡಬೇಕಾದದ್ದು ಮೇಲಕ್ಕಲ್ಲ, ಎದುರಿಗೆ. ಯಾರಿಗೆ ಏನಾಗುತ್ತದೆ ಅಂತ.

ಬರೀ ಓದಿಕೊಂಡು ಬರೆಯುವುದಕ್ಕಿಂತ ಹೀಗೆ ಬದುಕಿದವರನ್ನು ನೋಡುವುದು ವಾಸಿ. ನಮ್ಮ ಪಕ್ಕದ ಆಂಧ್ರದಲ್ಲಿ ಗೋರಾ ಅಂತ ಒಬ್ಬರಿದ್ದರು, ಗೋಪರಾಜು ರಾಮಚಂದ್ರ ರಾವ್. ಹುಟ್ಟಿದ್ದು 1902ರಲ್ಲಿ, ಸಂಪ್ರದಾಯಸ್ಥ ಬ್ರಾಹ್ಮಣ ಮನೆಯಲ್ಲಿ. ಸಸ್ಯಶಾಸ್ತ್ರದ ಮೇಷ್ಟ್ರು. ದೇವರಿಲ್ಲ ಅಂತ ಬಾಯಿಬಿಟ್ಟು ಹೇಳಿ ಕೆಲಸ ಕಳೆದುಕೊಂಡರು. 1940ರಲ್ಲಿ ಹೆಂಡತಿ ಸರಸ್ವತಿಯವರ ಜೊತೆ ಮುದುನೂರು ಎಂಬ ಹಳ್ಳಿಯಲ್ಲಿ ನಾಸ್ತಿಕ ಕೇಂದ್ರ ಶುರುಮಾಡಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು, ಈಗಲೂ ಅಲ್ಲಿದೆ. ದೇವರನ್ನು ಬೈಯುವುದು ಅವರ ಕಾರ್ಯಕ್ರಮ ಆಗಿರಲಿಲ್ಲ. ಎಲ್ಲ ಜಾತಿಯವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಸಹಭೋಜನ ನಡೆಸುವುದು ಕಾರ್ಯಕ್ರಮ. ಅವರ ವಾದ ನೇರವಾಗಿತ್ತು. ಎಲ್ಲವೂ ಹಣೆಬರಹ ಅಂದರೆ ತುಳಿಸಿಕೊಂಡವನು ಸುಮ್ಮನಿರುತ್ತಾನೆ, ತುಳಿದವನು ತಪ್ಪಿಸಿಕೊಳ್ಳುತ್ತಾನೆ. ಹಣೆಬರಹ ಬರೆಯುವವನು ಇಲ್ಲ ಅಂದಕೂಡಲೇ ಹೊಣೆ ನಮ್ಮ ಹೆಗಲಿಗೆ ಬರುತ್ತದೆ. ದೇವರನ್ನು ಬಿಟ್ಟರೆ ಭಾರ ಇಳಿಯುತ್ತದೆ ಅಂದುಕೊಂಡವರು ಗೋರಾ ಅವರನ್ನು ಓದಿದರೆ ಗಾಬರಿಯಾಗುತ್ತಾರೆ.

ಅವರು ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ಜೊತೆ ಇದನ್ನೇ ಚರ್ಚೆ ಮಾಡಿದರು. ದೇವರೇ ಸತ್ಯ ಅನ್ನುತ್ತಿದ್ದ ಗಾಂಧೀಜಿ ಅಷ್ಟು ಹೊತ್ತಿಗಾಗಲೇ ಸತ್ಯವೇ ದೇವರು ಅನ್ನುವಲ್ಲಿಗೆ ಬಂದಿದ್ದರು. ಗೋರಾ ಅವರ ಮಗಳು ಮನೋರಮಾ ದಲಿತ ಯುವಕನನ್ನು ಮದುವೆಯಾಗಲು ಹೊರಟಾಗ, ಆಶ್ರಮದಲ್ಲೇ ಮಾಡೋಣ, ಪ್ರತಿಜ್ಞೆಯಲ್ಲಿ ದೇವರ ಬದಲು ಸತ್ಯ ಅಂತ ಹೇಳಿಸೋಣ ಅಂತ ಗಾಂಧೀಜಿ ಒಪ್ಪಿದರು. ಮದುವೆ ನಡೆಯುವ ಹೊತ್ತಿಗೆ ಅವರು ಇರಲಿಲ್ಲ. 1948ರಲ್ಲಿ, ಹತ್ಯೆಯ ನಂತರ, ಆ ಮದುವೆ ಸೇವಾಗ್ರಾಮದಲ್ಲೇ ಆಯಿತು.

ಇವತ್ತು ಕೋರ್ಟಿನ ಕಟಕಟೆಯಲ್ಲೂ ಹಾಗೇ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೇವರ ಹೆಸರಿಲ್ಲದೆ ದೃಢೀಕರಿಸಬಹುದು. ಸುಳ್ಳು ಸಾಕ್ಷಿಗೆ ಇಬ್ಬರಿಗೂ ಶಿಕ್ಷೆ ಒಂದೇ.

ನಮ್ಮಲ್ಲಿ ಎಚ್. ನರಸಿಂಹಯ್ಯನವರನ್ನು ನೆನೆಯಬೇಕು. ಗೌರಿಬಿದನೂರು ಕಡೆಯ ಬಡಮನೆಯ ಹುಡುಗ, ಅಮೆರಿಕಕ್ಕೆ ಹೋಗಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ್ದು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಖಾದಿ ಪಂಚೆ ಮತ್ತು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆ. ಕುಲಪತಿ ಆದವರು ಬದುಕನ್ನು ಅಲ್ಲೇ ಕಳೆದರು. ಪ್ರಶ್ನೆ ಕೇಳುವುದು ಸುಲಭ. ಅಷ್ಟು ಸಣ್ಣ ಕೋಣೆಯಲ್ಲಿ ಅಷ್ಟು ವರ್ಷ ಇರುವುದು ಬೇರೆ ಜಾತಿಯ ಕೆಲಸ.

ಇಲ್ಲಿಯವರೆಗೆ ಓದಿ, ಸರಿ, ಯೋಚನೆ ಸ್ಪಷ್ಟವಾದರೆ ನಡತೆ ಸರಿಹೋಗುತ್ತದೆ ಅಂದುಕೊಂಡರೆ ಅದೂ ತಪ್ಪು. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಜಾನ್ ಡಾರ್ಲಿ ಮತ್ತು ಡ್ಯಾನಿಯಲ್ ಬ್ಯಾಟ್ಸನ್ ಮಾಡಿದ್ದು. ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಹುಡುಗರಿಗೆ, ಪಕ್ಕದ ಕಟ್ಟಡಕ್ಕೆ ಹೋಗಿ ಸಣ್ಣ ಭಾಷಣ ಮಾಡಿ ಅಂದರು. ಕೆಲವರಿಗೆ ಕೊಟ್ಟ ವಿಷಯ, ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಬೈಬಲ್ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತಾ ನರಳುತ್ತಾ ಕೂತಿದ್ದ, ಅವನನ್ನು ಕೂರಿಸಿದ್ದು ಪ್ರಯೋಗದವರೇ. ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ ನೂರಕ್ಕೆ 63 ಜನ ನೆರವಿಗೆ ನಿಂತರು. ತಡವಾಯಿತು, ಓಡಿ ಅಂತ ಹೇಳಿಸಿಕೊಂಡವರಲ್ಲಿ ನೂರಕ್ಕೆ 10. ಸಮಾರಿಯದವನ ಕಥೆ ತಲೆಯಲ್ಲಿದ್ದದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಇದನ್ನು ತೋರಿಸಿ ಧರ್ಮವನ್ನು ಗೇಲಿ ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತತ್ತ್ವಶಾಸ್ತ್ರದ ಹುಡುಗರು ಗಡಿಯಾರ ನೋಡಿಕೊಂಡು ಓಡುತ್ತಿದ್ದರೂ ಅಷ್ಟೇ ಆಗುತ್ತಿತ್ತೇನೋ.

ಆದ್ದರಿಂದ ನೀತಿ ಕಟ್ಟುವುದು ಅಂದರೆ ಅರ್ಧ ಕೆಲಸ ನಮ್ಮ ದಿನವನ್ನು ಕಟ್ಟುವುದು. ಅಪಘಾತವಾದಾಗ ಜನ ದೂರ ನಿಲ್ಲುವುದು ಕಲ್ಲುಮನಸ್ಸಿನಿಂದ ಮಾತ್ರ ಅಲ್ಲ, ಪೊಲೀಸು, ಕೋರ್ಟು ಅಂತ ಅಲೆಯಬೇಕಲ್ಲ ಅನ್ನುವ ಹೆದರಿಕೆಯಿಂದ. ನೆರವಾದವರಿಗೆ ಆ ಕಾಟ ತಪ್ಪಿಸುವ ಕಾಯ್ದೆಯನ್ನು ಕರ್ನಾಟಕ ತಂದಿದೆ, 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ದಾರಿ ಸಲೀಸು ಮಾಡಿದರೆ ಒಳ್ಳೆಯವರ ಸಂಖ್ಯೆ ಹೆಚ್ಚುತ್ತದೆ. ಇದನ್ನೇ ನಾನು ಸಣ್ಣದಾಗಿ ಮಾಡಿಕೊಂಡಿದ್ದೇನೆ. ಯಾರಾದರೂ ಗಂಭೀರ ವಿಷಯ ಕೇಳಿದರೆ ತಕ್ಷಣ ಉತ್ತರ ಕೊಡುವುದಿಲ್ಲ, "ನಾಳೆ ಬೆಳಿಗ್ಗೆ ಫೋನ್ ಮಾಡ್ತೀನಿ" ಅನ್ನುತ್ತೇನೆ. ರಾತ್ರಿ ಕಳೆದರೆ ಬಾಯಿಯ ಅಭ್ಯಾಸ ಸ್ವಲ್ಪ ಸಡಿಲವಾಗುತ್ತದೆ. ಕೊಡಬೇಕಾದ ಹಣ ಸಂಬಳದ ದಿನವೇ ಖಾತೆಯಿಂದ ಹೋಗುತ್ತದೆ, ಯಾಕಂದರೆ ತಿಂಗಳ ಕೊನೆಯಲ್ಲಿ ನನ್ನ ಕರುಣೆಗೆ ಕೈ ಗಿಡ್ಡ.

ಧರ್ಮ ಇದನ್ನೆಲ್ಲ ಶತಮಾನಗಳ ಹಿಂದೆಯೇ ಮಾಡಿಟ್ಟಿದೆ ಅನ್ನುವುದನ್ನು ಒಪ್ಪಬೇಕು. ಇಂಥ ದಿನ ಉಪವಾಸ, ಇಂಥ ದಿನ ಅನ್ನದಾನ, ಸತ್ತಾಗ ಹದಿಮೂರು ದಿನ ಮನೆ ತುಂಬ ಜನ. ನಂಬಿಕೆ ಬಿಟ್ಟವನಿಗೆ ಪಂಚಾಂಗ ಇಲ್ಲ, ಸಂಘ ಇಲ್ಲ. 2011ರ ಜನಗಣತಿಯಲ್ಲಿ 121 ಕೋಟಿ ಜನರ ನಡುವೆ ನಾಸ್ತಿಕ ಅಂತ ಬರೆಸಿದವರು ಸುಮಾರು 33 ಸಾವಿರ. ಒಂದು ಸಣ್ಣ ಪಟ್ಟಣದಷ್ಟು. ಒಂಟಿ ಮನುಷ್ಯ ತನಗೆ ತಾನೇ ವಕೀಲ, ತಾನೇ ಜಡ್ಜ್. ತೀರ್ಪು ಯಾವ ಕಡೆ ಬರುತ್ತದೆ ಅಂತ ಹೇಳಬೇಕಾಗಿಲ್ಲ. ಅದರ ಮೇಲೆ ವಿಚಾರವಂತ ಅನ್ನುವ ಜಂಬ ಬೇರೆ. ನನಗೊಬ್ಬ ಗೆಳೆಯ ಇದ್ದಾನೆ, ದಿನಾ ಸಂಧ್ಯಾವಂದನೆ ಮಾಡುವವನು. ನಾನು ಏನಾದರೂ ಮುಚ್ಚಿಡಲು ಹೋದರೆ ಮೊದಲು ಹಿಡಿಯುವವನು ಅವನೇ. ಅವನ ದೇವರಿಗೂ ನನ್ನ ತಕ್ಕಡಿಗೂ ಜಗಳ ಬಂದದ್ದು ಕಡಿಮೆ.

ಆ ಫೋನಿನ ವಿಷಯ ಮುಗಿದಿಲ್ಲ. ಮದುವೆ ಆಯಿತು. ಎರಡು ವರ್ಷಕ್ಕೆ ಹುಡುಗಿ ತವರಿಗೆ ವಾಪಸ್ ಬಂದಳು. ಸುದ್ದಿ ತಂದದ್ದು ಅಮ್ಮನೇ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು, ಕೇಳಿದಳು, ಹೇಳಿದೆ. ಅವಳು ಎದ್ದು ದೇವರ ಗೂಡಿನ ಹತ್ತಿರ ಹೋದಳು. "ಒಂದು ತಪ್ಪು ಕಾಣಿಕೆ ಹಾಕು. ಮನಸ್ಸು ಹಗುರ ಆಗುತ್ತೆ." ಹಾಕಿದ್ದರೆ ಆಗುತ್ತಿತ್ತು ಅಂತ ಈಗಲೂ ನಂಬುತ್ತೇನೆ. ಅದಕ್ಕೇ ಹಾಕಲಿಲ್ಲ.

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಅವಳ ತಂದೆ ಕೂರಿಸಿ ಕಾಫಿ ತರಿಸಿದರು. ನಾನು ತಡವರಿಸಿ ಹೇಳಿದ್ದನ್ನೆಲ್ಲ ಕೇಳಿ, "ಅಯ್ಯೋ, ನಿಮ್ಮದೇನು ತಪ್ಪು ಬಿಡಿ ಸಾರ್, ಅವಳ ಹಣೆಬರಹ" ಅಂದರು. ಕಾಫಿ ತಂದವಳು ಅವಳೇ. ಲೋಟ ಕೊಟ್ಟು ಅಲ್ಲೇ ನಿಂತಳು.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

ಅವಳು ಸ್ವಲ್ಪ ಹೊತ್ತು ನೋಡಿದಳು. "ಅವತ್ತು ಫೋನ್ ಮಾಡಿ ಅಂತ ಅಪ್ಪನಿಗೆ ನಾನೇ ಹೇಳಿದ್ದೆ" ಅಂದಳು. ಆಮೇಲೆ ಒಳಗೆ ಹೋದಳು. ಕಾಫಿ ಆರುತ್ತಾ ಇತ್ತು. ಕುಡಿಯಿರಿ ಅಂತ ಅವಳ ತಂದೆ ಎರಡು ಸಲ ಹೇಳಿದರು.